ಚಲಚ್ಚಿತ್ರದಲ್ಲಿ ಉಪದೇಶವೂ ಸ್ಥಾನವೂ

ಹರಿಕಥೆ, ಯಕ್ಷಗಾನ, ಪುರಾಣಶ್ರವಣ ಮುಂತಾದವು ಒಂದು ಕಾಲದಲ್ಲಿ ನಮ್ಮ ಜನರಿಗೆ ಯಾವ ಶಿಕ್ಷಣವನ್ನು ಕೊಡುತ್ತಿದ್ದವೋ ಅದನ್ನು ಇಂದು ಬಹುಮಟ್ಟಿಗೆ ಚಲಚ್ಚಿತ್ರವೂ ದೂರದರ್ಶನವೂ ಕೊಡುತ್ತಿವೆ. ಒಳ್ಳೆಯವರಾರು, ಕೆಟ್ಟವರಾರು, ಚೆಲುವೆಯೆಂದರೆ ಹೇಗಿರತಕ್ಕವಳು, ಮನೆಯ ಸೊಸೆಯು ಎಷ್ಟು ಸಹಿಸತಕ್ಕದ್ದು, ಯಾರ ಮಾತು ಗಂಭೀರವಾದದ್ದು, ಯಾರ ಮಾತು ನಗೆಗೀಡಾಗತಕ್ಕದ್ದು ಎಂಬೀ ಪ್ರಶ್ನೆಗಳಿಗೆ ನಮ್ಮ ಮಕ್ಕಳು ಪಾಠಪುಸ್ತಕವನ್ನು ತೆರೆಯುವುದಕ್ಕೆ ಮೊದಲೇ ಉತ್ತರಗಳನ್ನು ತೆರೆಯ ಮೇಲೆ ಕಂಡುಕೊಂಡಿರುತ್ತಾರೆ. ಈಗಲಂತೂ ಆ ತೆರೆಯು ಚಿತ್ರಮಂದಿರದಿಂದ ಹಜಾರಕ್ಕೂ, ಹಜಾರದಿಂದ ಅಂಗೈಯೊಳಗಿನ ಫೋನಿಗೂ ಬಂದು ಸೇರಿದೆ. ಆದಕಾರಣ ಹೆಣ್ಣುಮಕ್ಕಳ ಶಾಲೆಯೊಂದರ ಸ್ಮರಣಸಂಚಿಕೆಯಲ್ಲಿ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ಅಪ್ರಸ್ತುತವಾಗಲಾರದೆಂದು ನಂಬುತ್ತೇವೆ.

ಈ ವಿಷಯದಲ್ಲಿ ಎರಡು ಪಕ್ಷಗಳು ಬಹಳ ಗಟ್ಟಿಯಾಗಿ ವಾದಿಸುತ್ತಿವೆ. ಸಮಾಜದಲ್ಲಿ ಯಾರು ಯಾರು ಇದ್ದಾರೆಯೋ ಅವರೆಲ್ಲರೂ ತೆರೆಯ ಮೇಲೆಯೂ ಇರಬೇಕು, ಚಿತ್ರಗಳು ಜಾತಿಭೇದ, ಸ್ತ್ರೀನಿಂದೆ ಮೊದಲಾದ ಕೆಡುಕುಗಳನ್ನು ಖಂಡಿಸಬೇಕು ಎಂಬುದು ಒಂದು ಪಕ್ಷ. ಹಣ ಕೊಟ್ಟು ಎರಡು ಗಳಿಗೆ ನಕ್ಕು ನಲಿಯಲು ಬಂದವರನ್ನು ಹಿಡಿದು ಕೂರಿಸಿ ಪಾಠ ಹೇಳುವುದು ಯಾವ ನ್ಯಾಯ, ಲೆಕ್ಕ ಹಾಕಿ ಪಂಗಡಕ್ಕೊಂದರಂತೆ ಪಾತ್ರಗಳನ್ನು ಹಂಚಿದರೆ ಕಥೆಯು ಬದುಕೀತೇ ಎಂಬುದು ಇನ್ನೊಂದು ಪಕ್ಷ. ಈ ವಾಗ್ವಾದವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕದಲ್ಲಿ ಆಸ್ಕರ್ ಪಾರಿತೋಷಕವನ್ನು ಕೊಡುವ ಅಕಾಡೆಮಿಯು ಇದಕ್ಕಾಗಿ 2020ರಲ್ಲಿ ನಿಯಮಗಳನ್ನೇ ಪ್ರಕಟಿಸಿತು. ನಟವರ್ಗ, ಕುಶಲಕರ್ಮಿಗಳು, ತರಬೇತಿ, ಪ್ರಚಾರ ಎಂಬ 4 ಬಾಬುಗಳ ಪೈಕಿ 2ರಲ್ಲಾದರೂ, ಹಿಂದೆ ಅವಕಾಶ ದೊರೆಯದಿದ್ದ ಜನರಿಗೆ ಸ್ಥಳ ಕೊಟ್ಟಿರುವ ಚಿತ್ರವೇ ಶ್ರೇಷ್ಠ ಚಿತ್ರದ ಸ್ಪರ್ಧೆಗೆ ಅರ್ಹವೆಂಬ ಈ ನಿಯಮವು 2024ರ ಪಾರಿತೋಷಕಗಳಿಂದ ಜಾರಿಗೆ ಬಂದಿತು. ಇದನ್ನು ಹೊಗಳಿದವರಷ್ಟೇ ತೆಗಳಿದವರೂ ಉಂಟು.

ನಮ್ಮ ಅಭಿಪ್ರಾಯದಲ್ಲಿ ಈ ವಾದದೊಳಗೆ ಎರಡು ಬೇರೆ ಬೇರೆ ವಿಷಯಗಳು ಒಂದರೊಳಗೊಂದು ಸೇರಿಹೋಗಿವೆ. ಒಂದು ಉಪದೇಶ, ಇನ್ನೊಂದು ಸ್ಥಾನ. ಚಿತ್ರವು ನಮಗೆ ಏನನ್ನು ಹೇಳುತ್ತದೆ ಎಂಬುದು ಉಪದೇಶದ ಪ್ರಶ್ನೆ. ಚಿತ್ರದೊಳಗೆ ಯಾರನ್ನು ನಿಲ್ಲಗೊಡಿಸುತ್ತದೆ ಎಂಬುದು ಸ್ಥಾನದ ಪ್ರಶ್ನೆ. ಉಪದೇಶವನ್ನು ಧಾರಾಳವಾಗಿ ಕೊಟ್ಟು ಸ್ಥಾನವನ್ನು ಕೊಡದಿರುವುದು ಸಾಧ್ಯ. ಒಂದು ಮಾತನ್ನೂ ಉಪದೇಶಿಸದೆ ಸ್ಥಾನವನ್ನು ಕೊಡುವುದೂ ಸಾಧ್ಯ. ಇವೆರಡರಲ್ಲಿ ಸ್ಥಾನವೇ ಹಿರಿದೆಂಬುದನ್ನು ನಮ್ಮ ದೇಶದ ಚಲಚ್ಚಿತ್ರದ ಚರಿತ್ರೆಯಿಂದಲೇ ತೋರಿಸಬಹುದೆಂದು ತಿಳಿಯುತ್ತೇವೆ.

ಮಲೆಯಾಳ ಭಾಷಿಕರ ಮೊತ್ತಮೊದಲನೆಯ ಚಲಚ್ಚಿತ್ರವು 'ವಿಗತಕುಮಾರನ್' ಎಂಬ ಮೂಕಚಿತ್ರ. ಜೆ. ಸಿ. ಡೇನಿಯಲ್ ಎಂಬವರು ತಮ್ಮ ಆಸ್ತಿಯನ್ನು ಮಾರಿ ಅದನ್ನು ತಯಾರಿಸಿ, 1930ರ ಸುಮಾರಿಗೆ ತಿರುವನಂತಪುರದ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ತೋರಿಸಿದರು. ಅದರ ನಾಯಕಿಯು ರೋಸಿ. ಆಕೆಯು ಪುಲಯರೆಂಬ ದಲಿತ ಸಮುದಾಯದಲ್ಲಿ ಹುಟ್ಟಿದವಳು. ಕೂಲಿನಾಲಿ ಮಾಡಿ ಬದುಕುತ್ತ, ಜಾನಪದ ನಾಟಕಗಳಲ್ಲಿ ವೇಷ ಕಟ್ಟುತ್ತಿದ್ದವಳು. ಚಿತ್ರದಲ್ಲಿ ಆಕೆಗೆ ದೊರೆತುದು ನಾಯರ್ ಮನೆತನದ ಕನ್ಯೆಯ ಪಾತ್ರ. ಕೀಳುಜಾತಿಯೆಂದು ತಾವು ದೂರವಿರಿಸಿದ್ದ ಹೆಂಗಸೊಬ್ಬಳು ತೆರೆಯ ಮೇಲೆ ಮೇಲುಜಾತಿಯ ಕನ್ಯೆಯಾಗಿ ಒಡವೆವಸ್ತ್ರಗಳನ್ನುಟ್ಟು ನಿಂತುದನ್ನು ನೋಡಿದವರಿಗೆ ತಡೆಯಲಾರದ ಕೋಪ ಬಂದಿತು. ತೆರೆಯ ಮೇಲೆ ಕಲ್ಲುಗಳು ಬಿದ್ದವು. ಆಕೆಯ ಗುಡಿಸಲಿಗೂ ಬೆಂಕಿ ಬಿದ್ದಿತೆಂದು ಹೇಳುತ್ತಾರೆ. ರೋಸಿಯು ಊರುಬಿಟ್ಟು ತಮಿಳುನಾಡಿನ ಕಡೆಗೆ ಓಡಿಹೋಗಿ, ಅಲ್ಲಿ ಲಾರಿಯ ಚಾಲಕನೊಬ್ಬನನ್ನು ಮದುವೆಯಾಗಿ, ತಾನು ನಟಿಯಾಗಿದ್ದೆನೆಂಬುದನ್ನು ಬಾಯಿಬಿಡದೆ ಬಾಳಿದಳು. ಆಕೆಯು ಮತ್ತೊಂದು ಚಿತ್ರದಲ್ಲಿ ಅಭಿನಯಿಸಲಿಲ್ಲ. ಆ ಚಿತ್ರದ ಸುರುಳಿಯೂ ಉಳಿದಿಲ್ಲ.

ಇದಾದ ಕೆಲವೇ ವರ್ಷಗಳಲ್ಲಿ, 1936ರಲ್ಲಿ, ಬಾಂಬೆ ಟಾಕೀಸಿನವರ 'ಅಛೂತ್ ಕನ್ಯಾ' ಎಂಬ ಹಿಂದಿ ವಾಕ್ಚಿತ್ರವು ಬಂದಿತು. ಅಸ್ಪೃಶ್ಯ ಕನ್ಯೆಯೆಂಬುದೇ ಅದರ ಹೆಸರು. ರೈಲು ಗೇಟು ಕಾಯುವವನ ಮಗಳಾದ ಕಸ್ತೂರಿಗೂ ಬ್ರಾಹ್ಮಣ ಯುವಕನಾದ ಪ್ರತಾಪನಿಗೂ ಇದ್ದ ಬಾಲ್ಯದ ಸ್ನೇಹವು ಜಾತಿಯ ಕಟ್ಟಿನಿಂದ ಮುರಿದು, ಕಡೆಯಲ್ಲಿ ಆಕೆಯು ಇತರರ ಪ್ರಾಣವನ್ನು ಉಳಿಸಲೆಂದು ರೈಲಿಗೆ ಅಡ್ಡಲಾಗಿ ನಿಂತು ಮಡಿಯುವುದು ಅದರ ಕಥೆ. ಕಸ್ತೂರಿಯ ಪಾತ್ರವನ್ನು ವಹಿಸಿದವರು ದೇವಿಕಾ ರಾಣಿಯವರು. ಅವರು ರವೀಂದ್ರನಾಥ ಠಾಕೂರರ ಬಂಧುವರ್ಗಕ್ಕೆ ಸೇರಿದವರು; ಲಂಡನ್ನಿನಲ್ಲಿ ವಿದ್ಯಾಭ್ಯಾಸ ಮಾಡಿದವರು; ಮುಂದೆ 1969ನೆಯ ವರ್ಷದ ಫಾಲ್ಕೆ ಪ್ರಶಸ್ತಿಯನ್ನು ಮೊದಲನೆಯವರಾಗಿ ಪಡೆದವರು. ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್‌ರ ಪತ್ನಿಯಾಗಿ ಅವರು ಬೆಂಗಳೂರಿನ ಬಳಿಯ ತಾತಗುಣಿಯ ತೋಟದಲ್ಲಿ ಬಹುಕಾಲ ವಾಸವಾಗಿದ್ದು, 1994ರಲ್ಲಿ ಬೆಂಗಳೂರಿನಲ್ಲಿಯೇ ಕಾಲವಾದರು. 'ಅಛೂತ್ ಕನ್ಯಾ' ಚಿತ್ರಕ್ಕೆ ಕಲ್ಲುಗಳು ಬೀಳಲಿಲ್ಲ. ಜನರು ಕಣ್ಣೀರು ಸುರಿಸಿ ನೋಡಿದರು, ಪತ್ರಿಕೆಗಳು ಹೊಗಳಿದವು, ಅದು ಆ ಕಾಲದ ಕೀರ್ತಿವಂತ ಚಿತ್ರಗಳಲ್ಲಿ ಒಂದಾಯಿತು.

ವಾಚಕರು ಈ ಎರಡು ಸಂಗತಿಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡಬೇಕೆಂದು ಪ್ರಾರ್ಥಿಸುತ್ತೇವೆ. ಅಸ್ಪೃಶ್ಯ ಕನ್ಯೆಯ ಕಥೆಗೆ ಜನರು ಬಾಗಿಲು ತೆರೆದರು. ಅಸ್ಪೃಶ್ಯ ಕನ್ಯೆಗೆ ತೆರೆಯಲಿಲ್ಲ. ಉಚ್ಚಕುಲದ ಸ್ತ್ರೀಯು ದಲಿತಳಾಗಿ ಅಭಿನಯಿಸಿದಾಗ ಅದು ಔದಾರ್ಯವೆನಿಸಿತು. ದಲಿತ ಸ್ತ್ರೀಯು ಉಚ್ಚಕುಲದವಳಾಗಿ ಅಭಿನಯಿಸಿದಾಗ ಅದು ಅಪರಾಧವೆನಿಸಿತು. ದೇವಿಕಾ ರಾಣಿಯವರ ಅಭಿನಯವನ್ನಾಗಲಿ ಆ ಚಿತ್ರದ ಸದುದ್ದೇಶವನ್ನಾಗಲಿ ಹೀಗಳೆಯುವುದು ನಮ್ಮ ಇಚ್ಛೆಯಲ್ಲ. ಆ ಚಿತ್ರವನ್ನು ನೋಡಿ ಕೆಲವರ ಹೃದಯವಾದರೂ ಕರಗಿದ್ದಿರಬೇಕು. ಆದರೆ ಕರಗಿದ ಹೃದಯದ ಬೆಲೆಯನ್ನು ಗೊತ್ತುಮಾಡಬೇಕಾದರೆ, ಆ ಹೃದಯವು ರೋಸಿಯನ್ನು ತನ್ನ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಲು ಒಪ್ಪುತ್ತಿತ್ತೇ ಎಂದು ಕೇಳಲೇಬೇಕಾಗುತ್ತದೆ. ಕಸ್ತೂರಿಯು ಸತ್ತು ಪೂಜ್ಯಳಾದಳು. ಬದುಕಿ ನಾಯಕಿಯಾಗಬಯಸಿದ ರೋಸಿಯನ್ನು ಜನರು ಸಹಿಸಲಿಲ್ಲ.

ಇದು ಹಿಂದೂ ದೇಶದ ದೋಷವೊಂದೇ ಎಂದು ಯಾರೂ ತಿಳಿಯಬಾರದು. ಅದೇ ಕಾಲದಲ್ಲಿ, 1937ರಲ್ಲಿ, ಚೀಣಾದ ರೈತರ ಜೀವನವನ್ನು ಕುರಿತ 'ದಿ ಗುಡ್ ಅರ್ತ್' ಎಂಬ ಚಿತ್ರವು ಹಾಲಿವುಡ್ಡಿನಲ್ಲಿ ತಯಾರಾಯಿತು. ಚೀಣೀ ವಂಶದವರಾಗಿ ಅಮೆರಿಕದಲ್ಲಿಯೇ ಹುಟ್ಟಿ ಹೆಸರು ಪಡೆದಿದ್ದ ಆನಾ ಮೇ ವಾಂಗ್ ಎಂಬ ನಟಿಯು ರೈತಪತ್ನಿಯ ಪಾತ್ರವನ್ನು ಆಶಿಸಿದ್ದರು. ಪಾತ್ರವು ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್‌ಗೆ ಹೋಯಿತು. ಆ ವರ್ಷದ ಶ್ರೇಷ್ಠ ನಟಿಯ ಆಸ್ಕರ್ ಪಾರಿತೋಷಕವೂ ಅವರಿಗೇ ಬಂದಿತು. ಚೀಣೀ ಸ್ತ್ರೀಯ ಕಷ್ಟಕ್ಕಾಗಿ ಅತ್ತ ಜನರು ಚೀಣೀ ಸ್ತ್ರೀಯ ಮುಖವನ್ನು ಮುಖ್ಯ ಪಾತ್ರದಲ್ಲಿ ನೋಡಲು ಸಿದ್ಧರಾಗಿರಲಿಲ್ಲ.

ಸ್ತ್ರೀಯರಿಗೆ ಸ್ತ್ರೀಯರ ಪಾತ್ರಗಳೇ ದೊರೆಯದ ಕಾಲವೊಂದಿತ್ತೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಇಂದು ನಂಬಲಾರರು. 1913ರಲ್ಲಿ ದಾದಾಸಾಹೇಬ್ ಫಾಲ್ಕೆಯವರು 'ರಾಜಾ ಹರಿಶ್ಚಂದ್ರ'ವನ್ನು ತಯಾರಿಸಿದಾಗ ತಾರಾಮತಿಯಾದವನು ಸಾಳುಂಕೆ ಎಂಬ ಗಂಡಸು. 1917ರ 'ಲಂಕಾ ದಹನ'ದಲ್ಲಂತೂ ಅದೇ ಸಾಳುಂಕೆಯು ರಾಮನೂ ಆಗಿದ್ದನು, ಸೀತೆಯೂ ಆಗಿದ್ದನು. ತಾರಾಮತಿಯ ಪಾತಿವ್ರತ್ಯವನ್ನೂ ಸೀತೆಯ ದುಃಖವನ್ನೂ ಕೊಂಡಾಡುವುದಕ್ಕೆ ಯಾರಿಗೂ ಅಡ್ಡಿಯಿರಲಿಲ್ಲ. ಮರ್ಯಾದಸ್ಥರ ಮನೆಯ ಹೆಂಗಸೊಬ್ಬಳು ಕ್ಯಾಮರಾದ ಮುಂದೆ ನಿಲ್ಲುವುದಕ್ಕೆ ಮಾತ್ರ ಅಡ್ಡಿಯಿತ್ತು. 1913ರಲ್ಲಿಯೇ ದುರ್ಗಾಬಾಯಿ ಕಾಮತ್ ಎಂಬವರೂ ಅವರ ಮಗಳು ಕಮಲಾಬಾಯಿಯೂ ಫಾಲ್ಕೆಯವರ 'ಮೋಹಿನಿ ಭಸ್ಮಾಸುರ'ದಲ್ಲಿ ಅಭಿನಯಿಸಿ ಈ ಕಟ್ಟನ್ನು ಮೊದಲು ಮುರಿದರು. 'ಅಛೂತ್ ಕನ್ಯಾ' ಚಿತ್ರಕ್ಕೆ ಸಂಗೀತವನ್ನು ಒದಗಿಸಿದವರೂ ಒಬ್ಬ ಮಹಿಳೆಯೇ. ಅವರ ನಿಜವಾದ ಹೆಸರು ಖುರ್ಷಿದ್, ಪಾರ್ಸಿ ಮನೆತನದವರು. ಪಾರ್ಸಿ ಹೆಣ್ಣುಮಕ್ಕಳು ಚಲಚ್ಚಿತ್ರಕ್ಕೆ ಸೇರಕೂಡದೆಂದು ಅವರ ಸಮಾಜದವರು 1935ರಲ್ಲಿ ಪ್ರತಿಭಟಿಸಿದುದರಿಂದ ಅವರು ಸರಸ್ವತಿ ದೇವಿ ಎಂಬ ಹೆಸರಿನಿಂದ ಕೆಲಸ ಮಾಡಬೇಕಾಯಿತು. ನಮ್ಮ ಕನ್ನಡದ ಮೊದಲನೆಯ ವಾಕ್ಚಿತ್ರವಾದ 'ಸತಿ ಸುಲೋಚನಾ'ವು 1934ರ ಮಾರ್ಚ್ 3ರಂದು ಪ್ರದರ್ಶಿತವಾದಾಗ ಸುಲೋಚನೆಯಾಗಿ ತ್ರಿಪುರಾಂಬ ಅವರು ನಿಂತುದೂ ಇಂಥ ಕಾಲದಲ್ಲಿಯೇ ಎಂಬುದನ್ನು ನೆನೆದರೆ ಆ ಹಿರಿಯರ ಧೈರ್ಯವು ಸಾಮಾನ್ಯವಾದುದಲ್ಲವೆಂದು ತಿಳಿದೀತು. ಅವರು ಯಾರಿಗೂ ಉಪದೇಶ ಮಾಡಲಿಲ್ಲ. ಬಂದು ನಿಂತರು; ಹಿಂದಿನಿಂದ ಬರುವವರಿಗೆ ದಾರಿಯಾಯಿತು.

ಇನ್ನು ಉಪದೇಶದ ಬಲವನ್ನು ನೋಡೋಣ. ಭಾರತದ ದೂರದರ್ಶನದಲ್ಲಿ ಸಮಾಜಶಿಕ್ಷಣಕ್ಕೆಂದೇ ಯೋಚಿಸಿ ತಯಾರಿಸಿದ ಮೊದಲನೆಯ ದೀರ್ಘ ಧಾರಾವಾಹಿ 'ಹಮ್ ಲೋಗ್'. 1984ರ ಜುಲೈ 7ರಂದು ಪ್ರಾರಂಭವಾಗಿ 1985ರ ಡಿಸೆಂಬರ್ 17ರಂದು ಮುಗಿದ ಈ ಕಥೆಯನ್ನು ಬರೆದವರು ಮನೋಹರ ಶ್ಯಾಮ ಜೋಶಿಯವರು. ಮೆಕ್ಸಿಕೋ ದೇಶದಲ್ಲಿ ಧಾರಾವಾಹಿಗಳ ಮೂಲಕ ಅಕ್ಷರಪ್ರಚಾರವನ್ನೂ ಕುಟುಂಬಯೋಜನೆಯನ್ನೂ ನಡೆಸಿದ ಮಾದರಿಯನ್ನು ಇಲ್ಲಿಯೂ ಅನುಸರಿಸಿದರು. ಪ್ರತಿಯೊಂದು ಕಂತಿನ ಕೊನೆಯಲ್ಲಿ ಹಿರಿಯ ನಟರೊಬ್ಬರು ಕಾಣಿಸಿಕೊಂಡು, ಅಂದಿನ ಕಥೆಯ ನೀತಿಯನ್ನು ವಿವರಿಸುತ್ತಿದ್ದರು. ಅವರು ಬೇರೆ ಯಾರೂ ಅಲ್ಲ, 'ಅಛೂತ್ ಕನ್ಯಾ'ದಲ್ಲಿ ಪ್ರತಾಪನಾಗಿದ್ದ ಅಶೋಕ್ ಕುಮಾರರೇ. ಸುಮಾರು ಅರ್ಧ ಶತಮಾನದ ಹಿಂದೆ ಕಥೆಯೊಳಗಿದ್ದವರು ಈಗ ಕಥೆಯ ಹೊರಗೆ ನಿಂತು ಬುದ್ಧಿ ಹೇಳುವವರಾದರು.

ಫಲವೇನಾಯಿತು? ಮೊದಮೊದಲಿನ ಕಂತುಗಳಲ್ಲಿ ಕುಟುಂಬಯೋಜನೆಯ ಉಪದೇಶವು ಹೆಚ್ಚಾಯಿತೆಂದು ನೋಡುಗರು ಬೇಸರಪಟ್ಟರು. ಲೇಖಕರು ಉಪದೇಶವನ್ನು ತಗ್ಗಿಸಿ ಮನೆಯ ಸುಖದುಃಖಗಳನ್ನು ಹೆಚ್ಚಿಸಿದ ಮೇಲೆಯೇ ದೇಶವೆಲ್ಲ ಅದಕ್ಕೆ ಮನಸೋತುದು. 4 ಲಕ್ಷಕ್ಕೂ ಮೀರಿದ ಪತ್ರಗಳು ಬಂದವೆಂದು ಹೇಳುತ್ತಾರೆ. ಆದರೆ ಇದಕ್ಕಿಂತಲೂ ಯೋಚನೆಗೆ ಅರ್ಹವಾದ ಸಂಗತಿಯೊಂದುಂಟು. ಕಥೆಯಲ್ಲಿ ಭಾಗವಂತಿ ಎಂಬ ತಾಯಿಯಿದ್ದಳು. ಗಂಡನ ಕುಡಿತವನ್ನೂ ಅತ್ತೆಯ ಮಾತನ್ನೂ ಸಹಿಸಿ ಸಹಿಸಿ ಸವೆದುಹೋದ ಹೆಂಗಸು. ಹೀಗೆ ಇರಬಾರದೆಂಬುದಕ್ಕೆ ನಿದರ್ಶನವಾಗಿ ಆಕೆಯನ್ನು ಚಿತ್ರಿಸಿದ್ದರು. ನೋಡಿದ ಹೆಂಗಸರಲ್ಲಿ ಅನೇಕರು ಆಕೆಯನ್ನೇ ಆದರ್ಶ ಗೃಹಿಣಿಯೆಂದು ಭಾವಿಸಿದರು! ಆಕೆಯ ತಾಳ್ಮೆಯನ್ನು ಮೆಚ್ಚಿದರು. ಕಂತಿನ ಕೊನೆಯಲ್ಲಿ ಬಂದ ನೀತಿಯ ಮಾತು ಒಂದಾದರೆ, ಕಂತಿನುದ್ದಕ್ಕೂ ಕಂಡ ಮುಖವು ಇನ್ನೊಂದು. ಮನಸ್ಸಿನಲ್ಲಿ ನಿಂತುದು ಮುಖವೇ.

ಆದುದರಿಂದ, ಉಪದೇಶವು ಅತಿಯಾದರೆ ರುಚಿಗೆಡುತ್ತದೆ ಎಂದು ಆಕ್ಷೇಪಿಸುವವರ ಮಾತಿನಲ್ಲಿ ಸತ್ಯವಿದೆಯೆಂದು ನಾವು ಸಂಕೋಚವಿಲ್ಲದೆ ಒಪ್ಪುತ್ತೇವೆ. ಆದರೆ ಇಷ್ಟನ್ನು ಒಪ್ಪಿದವರು ಅದರ ಮುಂದಿನ ಮಾತನ್ನೂ ಒಪ್ಪಬೇಕಾಗುತ್ತದೆ. ಬಾಯಿಬಿಟ್ಟು ಹೇಳಿದ ಉಪದೇಶಕ್ಕಿಂತ ಹೇಳದೆ ತೋರಿಸಿದ ಚಿತ್ರವೇ ಬಲವುಳ್ಳದ್ದಾದರೆ, ನಮಗೆ ಏನನ್ನೂ ಉಪದೇಶಿಸುತ್ತಿಲ್ಲವೆಂದು ಹೇಳಿಕೊಳ್ಳುವ ಮನರಂಜನೆಯ ಚಿತ್ರಗಳು ದಿನದಿನವೂ ನಮಗೆ ಕಲಿಸುತ್ತಿರುವುದೇನು? ಒಲ್ಲೆನೆಂದ ಹುಡುಗಿಯನ್ನು ನಾಯಕನು ಬೀದಿಬೀದಿಯಲ್ಲಿ ಹಿಂಬಾಲಿಸಿ, ಬಸ್ ನಿಲ್ದಾಣದಲ್ಲಿ ಕಾಡಿ, ಗೆಳೆಯರೊಡನೆ ಸುತ್ತುವರಿದು ಹಾಡಿ ಕುಣಿದು, ಕಡೆಗೆ ಅವಳನ್ನು ಗೆಲ್ಲುತ್ತಾನೆ. ಒಲ್ಲೆನೆಂಬ ಹೆಣ್ಣಿನ ಮಾತಿಗೆ ಅರ್ಥವಿಲ್ಲವೆಂಬ ಪಾಠವು ಇಲ್ಲಿಲ್ಲವೇ? ಮನೆಗೆಲಸದವಳು ಬಂದರೆ ನಗೆ, ಕುಳ್ಳನಾದವನು ಬಂದರೆ ನಗೆ, ತೊದಲುವವನು ಬಂದರೆ ನಗೆ. ಕಲಬುರಗಿಯ ಕಡೆಯ ಕನ್ನಡವನ್ನೋ ಕರಾವಳಿಯ ಕನ್ನಡವನ್ನೋ ಆಡುವವರು ಬಂದರೂ ನಗೆ. ನಾಯಕ ನಾಯಿಕೆಯರು ಮಾತ್ರ ಒಂದೇ ಬಗೆಯ ಕನ್ನಡವನ್ನಾಡುತ್ತಾರೆ. ನಗತಕ್ಕ ಮನುಷ್ಯರು ಬೇರೆ, ಪ್ರೀತಿಸತಕ್ಕ ಮನುಷ್ಯರು ಬೇರೆ ಎಂಬ ಪಾಠವು ಇಲ್ಲಿಲ್ಲವೇ? ದೂರದರ್ಶನದ ಜಾಹೀರಾತುಗಳು ಬಹುಕಾಲ ಕಲಿಸಿದ ಪಾಠವನ್ನು ಹೆಣ್ಣುಮಕ್ಕಳ ತಾಯಿಯರು ಚೆನ್ನಾಗಿ ಬಲ್ಲರು: ಕಪ್ಪುಬಣ್ಣದ ಹುಡುಗಿಗೆ ವರನೂ ಇಲ್ಲ, ಉದ್ಯೋಗವೂ ಇಲ್ಲ; ಮುಲಾಮು ಹಚ್ಚಿ ಬೆಳ್ಳಗಾದರೆ ಎರಡೂ ಉಂಟು. ಮಹಿಳಾ ಸಂಘದವರ ದೂರಿನ ಮೇಲೆ 2003ರಲ್ಲಿ ಸರಕಾರವು 'ಫೇರ್ ಅಂಡ್ ಲವ್ಲಿ'ಯ ಇಂಥ 2 ಜಾಹೀರಾತುಗಳನ್ನು ನಿಲ್ಲಿಸಬೇಕಾಯಿತು. 2020ರಲ್ಲಿ ಆ ಮುಲಾಮು ತನ್ನ ಹೆಸರಿನಿಂದ ಬಿಳುಪಿನ ಮಾತನ್ನೇ ಕೈಬಿಟ್ಟಿತು. ಅಷ್ಟರೊಳಗೆ ಎಷ್ಟು ಮಂದಿ ಹುಡುಗಿಯರು ಕನ್ನಡಿಯ ಮುಂದೆ ನಿಂತು ತಮ್ಮನ್ನು ತಾವೇ ಬೇಡವೆಂದುಕೊಂಡಿರಬಹುದೆಂಬುದನ್ನು ಎಣಿಸಬಲ್ಲವರಾರು?

ಹೀಗಿರುವಲ್ಲಿ, ಚಿತ್ರಗಳಲ್ಲಿ ಸಾಮಾಜಿಕ ಸಂದೇಶವು ಬೇಕೇ ಬೇಡವೇ ಎಂಬ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ. ಸಂದೇಶವಿಲ್ಲದ ಚಿತ್ರವಿಲ್ಲ. ಅದು ಯಾರನ್ನು ಮನುಷ್ಯರೆಂದು ಎಣಿಸಿದೆ, ಯಾರನ್ನು ಎಣಿಸಿಲ್ಲ ಎಂಬುದೊಂದೇ ಕೇಳತಕ್ಕ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮ ಕನ್ನಡ ಚಿತ್ರಗಳಲ್ಲಿ ಕೆಲವು ಬಹಳ ಯೋಗ್ಯವಾದ ಉತ್ತರವನ್ನು ಕೊಟ್ಟಿವೆಯೆಂಬುದು ನಮಗೆ ಹೆಮ್ಮೆಯ ವಿಷಯ. ಶಿವರಾಮ ಕಾರಂತರು 1933ರಲ್ಲಿ ಬರೆದ 'ಚೋಮನ ದುಡಿ'ಯನ್ನು ಬಿ. ವಿ. ಕಾರಂತರು 1975ರಲ್ಲಿ ಚಲಚ್ಚಿತ್ರವಾಗಿ ನಿರ್ದೇಶಿಸಿದರು. ಅದಕ್ಕೆ ಆ ವರ್ಷದ ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಮನ್ನಣೆಯೂ, ಚೋಮನಾಗಿದ್ದ ವಾಸುದೇವ ರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ದೊರೆತವು. ಅಸ್ಪೃಶ್ಯನಾದವನು ಭೂಮಿಯನ್ನು ಹಿಡಿದು ಬೇಸಾಯ ಮಾಡಕೂಡದೆಂಬ ಕಟ್ಟಳೆಯ ನಡುವೆ ಒಂದು ತುಂಡು ಹೊಲಕ್ಕಾಗಿ ಹಂಬಲಿಸಿ ಹಂಬಲಿಸಿ ಬೆಂದುಹೋಗುವ ಚೋಮನು ಯಾರಿಗೂ ಭಾಷಣ ಮಾಡುವುದಿಲ್ಲ, ದುಡಿಯನ್ನು ಬಡಿಯುತ್ತಾನೆ. ನೋಡಿದವರಿಗೆ ಅಷ್ಟೇ ಸಾಕಾಯಿತು. ಪ್ರೇಮಾ ಕಾರಂತರು 1983ರಲ್ಲಿ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ವನ್ನು ತೆರೆಗೆ ತಂದಾಗ, ಬಾಲವಿಧವೆಯೊಬ್ಬಳು ಮಡಿಯಲ್ಲಿಯೇ ಮುದುಕಿಯಾಗುವ ಕಥೆಯನ್ನು ಬರೆದವರೂ ನಿರ್ದೇಶಿಸಿದವರೂ ಸ್ತ್ರೀಯರೇ ಆದರು. ಆ ಚಿತ್ರದಲ್ಲಿ ವಿಧವೆಯು ಕರುಣೆಗೆ ಪಾತ್ರಳಾಗಿ ಮೂಲೆಯಲ್ಲಿ ಕುಳಿತವಳಲ್ಲ; ನೋಡಿ, ಯೋಚಿಸಿ, ಇತರರ ಕಷ್ಟದಲ್ಲಿ ಸರಿಯಾದುದನ್ನು ನಿಶ್ಚಯಿಸುವವಳು. ಕಥೆಯು ಆಕೆಯದಾಯಿತು. ಇದನ್ನೇ ನಾವು ಸ್ಥಾನವೆಂದು ಕರೆಯುತ್ತೇವೆ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಹಾಗಾದರೆ ದಲಿತರ ಪಾತ್ರವನ್ನು ದಲಿತರೇ, ಕುರುಡರ ಪಾತ್ರವನ್ನು ಕುರುಡರೇ ವಹಿಸಬೇಕೇ? ತಾನಲ್ಲದವನಾಗುವುದೇ ಅಭಿನಯವಲ್ಲವೇ? ಇದು ತಳ್ಳಿಹಾಕತಕ್ಕ ಮಾತಲ್ಲ. 2015ರಲ್ಲಿ ತೆರೆಕಂಡ, ಬಿ. ಎಸ್. ಲಿಂಗದೇವರು ಅವರ 'ನಾನು ಅವನಲ್ಲ... ಅವಳು' ಎಂಬ ಚಿತ್ರವು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದುದು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದ ಆ ಜೀವವನ್ನು ಸಂಚಾರಿ ವಿಜಯ್ ಅವರು ಎಷ್ಟು ಮರ್ಯಾದೆಯಿಂದ ಅಭಿನಯಿಸಿದರೆಂದರೆ, ಅವರಿಗೆ ರಾಷ್ಟ್ರದ ಶ್ರೇಷ್ಠ ನಟ ಪ್ರಶಸ್ತಿ ಬಂದುದನ್ನು ಯಾರೂ ಅನ್ಯಾಯವೆನ್ನಲಾರರು. 2021ರಲ್ಲಿ ಅವರು ಅಕಾಲಮರಣಕ್ಕೆ ತುತ್ತಾದಾಗ ನಾಡು ಮರುಗಿತು. ಹೀಗೆ ಒಬ್ಬರ ಬಾಳನ್ನು ಇನ್ನೊಬ್ಬರು ತಮ್ಮ ಮೈಮೇಲೆ ತಂದುಕೊಳ್ಳುವುದು ಕಲೆಯ ಪುಣ್ಯವೇ ಸರಿ. ಆದರೆ ಈ ಸ್ವಾತಂತ್ರ್ಯವು ಎರಡು ಕಡೆಗೂ ಇರಬೇಕು. ದೇವಿಕಾ ರಾಣಿಯವರು ಕಸ್ತೂರಿಯಾಗಬಹುದಾದರೆ ರೋಸಿಯು ನಾಯರ್ ಕನ್ಯೆಯಾಗಬೇಕು. ಒಂದು ಕಡೆಗೆ ಮಾತ್ರ ತೆರೆಯುವ ಬಾಗಿಲನ್ನು ಕಲೆಯ ಸ್ವಾತಂತ್ರ್ಯವೆಂದು ಕರೆಯಲಾಗದು.

ಈ ಬಾಗಿಲು ಎರಡು ಕಡೆಗೂ ತೆರೆದರೆ ಕಲೆಗೆ ನಷ್ಟವಾದೀತೆಂಬ ಭಯವು ನಿರಾಧಾರವಾದುದು. ಮಹಾರಾಷ್ಟ್ರದ ವಡ್ಡರ ಸಮುದಾಯದಲ್ಲಿ ಹುಟ್ಟಿ ಬಡತನದಲ್ಲಿ ಬೆಳೆದ ನಾಗರಾಜ ಮಂಜುಳೆಯವರು ತಾವು ಬಲ್ಲ ಹಳ್ಳಿಯ ಬಾಳನ್ನೇ 2013ರ 'ಫಂಡ್ರಿ'ಯಲ್ಲಿಯೂ 2016ರ 'ಸೈರಾಟ್'ನಲ್ಲಿಯೂ ಕಥೆಯಾಗಿಸಿದರು. 'ಸೈರಾಟ್'ನ ನಾಯಿಕೆಯಾದ ರಿಂಕೂ ರಾಜ್‌ಗುರು ಆಗ ಅಕಲೂಜಿನ ಶಾಲಾಬಾಲಿಕೆ. ಆಕೆಯು ಆ ಚಿತ್ರದಲ್ಲಿ ಟ್ರ್ಯಾಕ್ಟರನ್ನೂ ಬುಲೆಟ್ ಮೋಟಾರ್ ಸೈಕಲ್ಲನ್ನೂ ಓಡಿಸುತ್ತಾಳೆ; ನಾಚಿ ಬಾಗಿಲ ಮರೆಗೆ ಸರಿಯದೆ ತಾನೇ ಮುಂದೆ ನಿಂತು ಮಾತನಾಡುತ್ತಾಳೆ. ಮೇಲುಜಾತಿಯ ಹುಡುಗಿಯೂ ಕೆಳಜಾತಿಯ ಹುಡುಗನೂ ಕೂಡಿ ಬಾಳಹೊರಟರೆ ಏನಾಗುತ್ತದೆಂಬುದನ್ನು ಕೊನೆಯ ದೃಶ್ಯದಲ್ಲಿ ಒಂದು ಮಾತೂ ಇಲ್ಲದೆ ತೋರಿಸಿದ ಆ ಚಿತ್ರವು ಮರಾಠಿಯಲ್ಲಿ ಅದುವರೆಗೆ ಯಾವ ಚಿತ್ರವೂ ಗಳಿಸದಿದ್ದಷ್ಟು ಹಣವನ್ನು ಗಳಿಸಿತು. 2017ರಲ್ಲಿ ಅದು 'ಮನಸು ಮಲ್ಲಿಗೆ'ಯೆಂದು ಕನ್ನಡಕ್ಕೆ ಬಂದಾಗಲೂ ನಾಯಿಕೆಯ ಪಾತ್ರಕ್ಕೆ ಆಕೆಯನ್ನೇ ಕರೆತಂದರು. ಸಂದೇಶವಿದ್ದರೆ ಜನರು ನೋಡುವುದಿಲ್ಲವೆಂಬ ವರ್ತಕರ ಮಾತಿಗೆ ಇದಕ್ಕಿಂತ ಉತ್ತರ ಬೇಕೇ?

ಹಾಗೆಂದು ಕಾನೂನಿನ ಬೆತ್ತವೊಂದರಿಂದಲೇ ಚಿತ್ರಗಳನ್ನು ತಿದ್ದಬಹುದೆಂದು ನಾವು ನಂಬಿದವರಲ್ಲ. ಯಾರ ಮನಸ್ಸಿಗೂ ನೋವಾಗದಂತೆ ಚಿತ್ರ ತೆಗೆಯಬೇಕೆಂಬ ನಿಯಮವು ಮೊದಲು ಮುಚ್ಚುವುದು ಸತ್ಯವಂತರ ಬಾಯನ್ನೇ. ಅನಂತಮೂರ್ತಿಯವರ 'ಸಂಸ್ಕಾರ'ವು 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ಚಿತ್ರವಾಗಿ ಸಿದ್ಧವಾದಾಗ, ಜಾತಿಯ ವಿಷಯವು ಜನರನ್ನು ಕೆರಳಿಸೀತೆಂದು ಮದರಾಸಿನ ಸೆನ್ಸಾರಿನವರು ಅದನ್ನು ತಡೆಹಿಡಿದಿದ್ದರು. ತಡೆ ತೆರವಾದ ಮೇಲೆ ಅದೇ ಚಿತ್ರವು ಆ ವರ್ಷದ ರಾಷ್ಟ್ರದ ಶ್ರೇಷ್ಠ ಚಿತ್ರವೆನಿಸಿ ಕನ್ನಡಕ್ಕೆ ಕೀರ್ತಿ ತಂದಿತು. ಆದಕಾರಣ ಎಲ್ಲರನ್ನೂ ಒಳಗೊಳ್ಳಬೇಕೆಂಬ ಮಾತು ಎಲ್ಲರನ್ನೂ ಮೆಚ್ಚಿಸಬೇಕೆಂಬ ಮಾತಾಗಿ ತಿರುಗದಂತೆ ಎಚ್ಚರವಹಿಸತಕ್ಕದ್ದು.

ಈ ಸೂಕ್ಷ್ಮವನ್ನು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು ಚೆನ್ನಾಗಿ ಗುರುತಿಸಿದೆ. ಅಂಗವೈಕಲ್ಯವುಳ್ಳವರನ್ನು ಚಿತ್ರವೊಂದು ಹಾಸ್ಯಕ್ಕೆ ಗುರಿಮಾಡಿತೆಂಬ ದೂರಿನ ಮೇಲೆ 2024ರ ಜುಲೈ 8ರಂದು ಕೊಟ್ಟ ತೀರ್ಪಿನಲ್ಲಿ, ಅವರನ್ನು ಅರ್ಥಮಾಡಿಕೊಳ್ಳಲು ಸಹಾಯಕವಾದ ನಗೆ ಬೇರೆ, ಅವರನ್ನು ಕುಗ್ಗಿಸುವ ನಗೆ ಬೇರೆಯೆಂದು ನ್ಯಾಯಾಲಯವು ವಿಂಗಡಿಸಿತು. ಅವರನ್ನು ಚಿತ್ರಿಸುವಾಗ ಅವರನ್ನೇ ಕೇಳಿ, ಅವರ ಸಂಘಗಳೊಡನೆ ವಿಚಾರಮಾಡಿ ಚಿತ್ರಿಸತಕ್ಕದ್ದೆಂದೂ ದಾರಿ ತೋರಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ, ಕಣ್ಣು ಕಾಣದವರೂ ಕಿವಿ ಕೇಳದವರೂ ಚಿತ್ರಮಂದಿರದಲ್ಲಿ ಚಿತ್ರಗಳನ್ನು ಅನುಭವಿಸುವುದಕ್ಕೆ ಅನುಕೂಲವಾಗುವಂತೆ ಧ್ವನಿವಿವರಣೆ, ಅಕ್ಷರರೂಪದ ಮಾತು ಮೊದಲಾದವನ್ನು ಒದಗಿಸಬೇಕೆಂಬ ಮಾರ್ಗಸೂಚಿಗಳನ್ನು ಕೇಂದ್ರ ಸರಕಾರವು ಪ್ರಕಟಿಸಿತು. ತೆರೆಯ ಮೇಲೆ ಸ್ಥಾನವಿದ್ದಂತೆ ತೆರೆಯ ಮುಂದಿನ ಕುರ್ಚಿಯಲ್ಲಿಯೂ ಸ್ಥಾನವುಂಟಷ್ಟೆ.

ತೆರೆಯ ಹಿಂದೆಯೂ ಉಂಟು. ಕೇರಳದ ಚಿತ್ರೋದ್ಯಮದಲ್ಲಿ ಸ್ತ್ರೀಯರ ಸ್ಥಿತಿಯನ್ನು ವಿಚಾರಿಸಲು 2017ರಲ್ಲಿ ನೇಮಕವಾದ ನ್ಯಾಯಮೂರ್ತಿ ಹೇಮಾ ಸಮಿತಿಯು 2019ರ ಕೊನೆಯಲ್ಲಿ ವರದಿ ಒಪ್ಪಿಸಿತು. ಅದು ಬೆಳಕಿಗೆ ಬಂದುದು 2024ರ ಆಗಸ್ಟ್ 19ರಂದು. ಸ್ತ್ರೀಯರಿಗೆ ಶೌಚಾಲಯವಾಗಲಿ ಬಟ್ಟೆ ಬದಲಿಸುವ ಕೋಣೆಯಾಗಲಿ ಇಲ್ಲದ ಚಿತ್ರೀಕರಣದ ಸ್ಥಳಗಳನ್ನೂ, ಅದಕ್ಕಿಂತ ಘೋರವಾದ ಅವಮಾನಗಳನ್ನೂ ಆ ವರದಿಯು ಬಣ್ಣಿಸಿದೆ. ನಮ್ಮ ರಾಜ್ಯದಲ್ಲಿಯೂ ಅಂಥ ವಿಚಾರಣೆ ನಡೆಯಬೇಕೆಂದು ಚಿತ್ರರಂಗದವರೇ ಅದೇ ವರ್ಷ ಮುಖ್ಯಮಂತ್ರಿಗಳಿಗೆ ಮನವಿ ಮಾಡಿಕೊಂಡರು. ತೆರೆಯ ಮೇಲೆ ಸ್ತ್ರೀಸ್ವಾತಂತ್ರ್ಯದ ಸಂಭಾಷಣೆಯನ್ನು ಹೇಳಿ, ತೆರೆಯ ಹಿಂದೆ ಅದೇ ಸ್ತ್ರೀಯನ್ನು ಅಂಜಿಸಿ ಇರಿಸುವ ಚಿತ್ರವು ಎಷ್ಟು ಉದಾತ್ತವಾದ ಸಂದೇಶವನ್ನು ಕೊಟ್ಟರೂ ಪೊಳ್ಳೇ ಸರಿ. ರೋಸಿಯ ಹೆಸರಿನಲ್ಲಿ ಕೇರಳದ ಚಿತ್ರರಂಗದ ಮಹಿಳೆಯರು 2019ರಲ್ಲಿ ಚಲಚ್ಚಿತ್ರ ಸಂಘವೊಂದನ್ನು ಸ್ಥಾಪಿಸಿದುದು ಈ ನೆನಪು ಅಳಿಯದಿರಲೆಂದೇ ಇರಬೇಕು.

ಇನ್ನು ನಮ್ಮ ವಿದ್ಯಾರ್ಥಿನಿಯರಿಗೆ ಒಂದೆರಡು ಮಾತು. ಚಿತ್ರಗಳನ್ನು ನೋಡಬೇಡಿರೆಂದು ನಾವು ಹೇಳುವುದಿಲ್ಲ. ನೋಡಿರಿ, ನಕ್ಕು ನಲಿಯಿರಿ. ಆದರೆ ಚಿತ್ರವು ಮುಗಿದ ಮೇಲೆ ಮೂರು ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿರಿ. ಈ ಕಥೆಯಲ್ಲಿ ನಾವು ಯಾರನ್ನು ನೋಡಿ ನಕ್ಕೆವು, ಏಕೆ ನಕ್ಕೆವು? ಇದರಲ್ಲಿ ಹೆಣ್ಣುಮಕ್ಕಳು ಸಹಿಸಿದ್ದೆಷ್ಟು, ನಿಶ್ಚಯಿಸಿದ್ದೆಷ್ಟು? ನಮ್ಮ ಊರಿನಲ್ಲಿ ಇದ್ದು ಈ ಕಥೆಯಲ್ಲಿ ಇಲ್ಲದವರು ಯಾರು? ಈ ಮೂರಕ್ಕೆ ಉತ್ತರ ಹುಡುಕಲು ಕಲಿತ ಹುಡುಗಿಯನ್ನು ಯಾವ ಚಿತ್ರವೂ ಯಾವ ಜಾಹೀರಾತೂ ಸುಲಭವಾಗಿ ಮೋಸಗೊಳಿಸಲಾರದು. ಅವಳಿಗೆ ಬುದ್ಧಿ ಹೇಳಲು ಕಂತಿನ ಕೊನೆಯಲ್ಲಿ ಯಾರೂ ಬರಬೇಕಾಗಿಯೂ ಇಲ್ಲ.

ಉಪಾಧ್ಯಾಯಿನಿಯರಿಗೂ ತಾಯಿತಂದೆಗಳಿಗೂ ಇಷ್ಟನ್ನು ವಿಜ್ಞ್ಞಾಪಿಸುತ್ತೇವೆ. ಚಲಚ್ಚಿತ್ರದ ಯಜಮಾನರ ಮೇಲೆ ನಮಗೆ ಅಧಿಕಾರವಿಲ್ಲ. ಆದರೆ ಪ್ರತಿಯೊಂದು ಶಾಲೆಯಲ್ಲಿಯೂ ವರ್ಷಕ್ಕೊಮ್ಮೆ ಒಂದು ರಂಗಮಂಚವು ಎದ್ದು ನಿಲ್ಲುತ್ತದೆ. ಅದರ ಮೇಲೆ ನಮಗೆ ಪೂರ್ಣವಾದ ಅಧಿಕಾರವುಂಟು. ಅಲ್ಲಿ ರಾಣಿಯ ಪಾತ್ರವು ಯಾರಿಗೆ ಹೋಗುತ್ತದೆ? ಬಿಳಿಯ ಮೈಬಣ್ಣದವಳಿಗೇ, ಪಟ್ಟಣದ ಮಾತನಾಡುವವಳಿಗೇ, ಉಡುಪು ಹೊಲಿಸಿಕೊಳ್ಳಬಲ್ಲವಳಿಗೇ ಹೋಗುತ್ತದೆಯೇ? ದಾಸಿಯ ಪಾತ್ರವು ಯಾರ ಪಾಲಿಗೆ ಬರುತ್ತದೆ? ಊರುಗೋಲು ಹಿಡಿದು ನಡೆಯುವ ಬಾಲಿಕೆಯು ಆ ದಿನ ರಂಗದ ಮೇಲಿರುತ್ತಾಳೆಯೇ, ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿರುತ್ತಾಳೆಯೇ? ಸಮಾನತೆಯನ್ನು ಕುರಿತ ನಾಟಕವನ್ನು ಆಡಿಸುವುದು ಒಳ್ಳೆಯದು. ಯಾವ ನಾಟಕವಾದರೇನು, ಹಿಂದಿನ ಬೆಂಚಿನ ಕಪ್ಪು ಹುಡುಗಿಯನ್ನು ಕರೆದು ಅದರ ರಾಣಿಯನ್ನಾಗಿ ನಿಲ್ಲಿಸುವುದು ಅದಕ್ಕಿಂತಲೂ ಒಳ್ಳೆಯದು. ಅವಳು ಆ ದಿನ ತೊಟ್ಟ ಕಾಗದದ ಕಿರೀಟವನ್ನು ಮಾರನೆಯ ದಿನ ತೆಗೆದಿಟ್ಟರೂ, ನೆಟ್ಟಗೆ ನಿಂತ ಬೆನ್ನನ್ನು ಮತ್ತೆ ಬಗ್ಗಿಸುವುದು ಕಷ್ಟ.

ರೋಸಿಯು ಬಯಸಿದುದು ಇಷ್ಟೇ. ತನ್ನ ಕಷ್ಟವನ್ನು ಕುರಿತು ಯಾರಾದರೂ ಒಂದು ಚಿತ್ರ ತೆಗೆದು ಅಳಲಿ ಎಂದು ಆಕೆಯು ಕೇಳಲಿಲ್ಲ. ಅಭಿನಯಿಸಬಲ್ಲೆನೆಂದು ಬಂದು ನಿಂತಳು. ಅಂಥವಳು ಮತ್ತೊಮ್ಮೆ ಬಂದು ನಿಂತಾಗ ನಮ್ಮ ಕೈಗಳಲ್ಲಿ ಕಲ್ಲುಗಳಿರದಿದ್ದರೆ ಸಾಲದು. ಅವಳಿಗಾಗಿ ಒಂದು ಸ್ಥಳವೂ ಸಿದ್ಧವಾಗಿರಬೇಕು. ಈ ಶಾಲೆಯಿಂದ ಹೊರಟು ಮುಂದೆ ಕಥೆ ಬರೆಯುವವರೂ, ಚಿತ್ರ ತೆಗೆಯುವವರೂ, ಅದಕ್ಕಿಂತ ಹೆಚ್ಚಾಗಿ ಚಿತ್ರಗಳನ್ನು ನೋಡಿ ಮೆಚ್ಚುವವರೂ ಆಗತಕ್ಕ ನಮ್ಮ ಹೆಣ್ಣುಮಕ್ಕಳು ಆ ಸ್ಥಳವನ್ನು ಕಾದಿರಿಸುವರೆಂದು ಹಾರೈಸುತ್ತೇವೆ.